ನಾನೂರನೆಯ ಬಿಕ್ಕಳಿಕೆ

ಸರ್ಕಾರಿ ಆರೋಗ್ಯ ವಿಮೆಯವರು ಆಸ್ಪತ್ರೆಯ ಖರ್ಚು ಕೊಡುವುದನ್ನು ಬಿಟ್ಟು ರೋಗವನ್ನೇ ಓಣಿಗೆ ಹಂಚತೊಡಗಿದ ಮೇಲೆ ಅವರಿಗೆ ಪ್ರಶಸ್ತಿಗಳ ಸುರಿಮಳೆ. ಒಂದು ಹೃದಯಾಘಾತಕ್ಕೆ ನಾನೂರು ಬಿಕ್ಕಳಿಕೆ, ತಲೆಗೊಂದು. ಇವತ್ತು ಎದೆ ಹಿಡಿದು ಬಿದ್ದವನು ನೀಲವ್ವನ ಪಕ್ಕದ ಮನೆಯ ಚನವೀರಪ್ಪ. ಓಣಿಯವರೆಲ್ಲ ಬಿಕ್ಕಳಿಸಿ, "ಯಾರೋ ನೆನಸ್ಯಾರ" ಎಂದು ನಕ್ಕು ನೀರು ಕುಡಿದಾಗಿತ್ತು. ಉಳಿದವಳು ನೀಲವ್ವ ಒಬ್ಬಳೇ. ನಳದ ನೀರಿನ ಜಗಳವಾಗಿ ಹನ್ನೆರಡು ವರ್ಷದಿಂದ ಅವಳಿಗೂ ಅವನಿಗೂ ಮಾತಿಲ್ಲ.

"ಒಂದ ಕಡಿಮಿ ಐತ್ರಿ ಅಕ್ಕಾರ, ಹೆಬ್ಬಟ್ಟ ಒತ್ರಿ," ಎಂದು ವಿಮೆಯ ಗುಮಾಸ್ತ ಬಾಗಿಲಲ್ಲಿ ಗೋಗರೆದ.

"ಸಾಯ್ಲಿ ಬಿಡು, ಹಾಳಾದಂವ," ಎನ್ನುತ್ತಲೇ ನೀಲವ್ವ ರೊಟ್ಟಿ ಹಿಟ್ಟಿನ ಹೆಬ್ಬೆರಳು ಒತ್ತಿದಳು.

ಬಿಕ್ಕಳಿಕೆ ಓಣಿಗೆಲ್ಲ ಕೇಳುವಂತೆ ಬಂತು.

ಗೋಡೆಯಾಚೆ ಚನವೀರಪ್ಪ ಎದ್ದು ಕುಳಿತು ಕೂಗಿದ: "ನಾನಂತೂ ನಿನ್ನ ನೆನಸಿಲ್ಲ ಮತ್ತ!"