ಎಲ್ಲರ ಬೆಕ್ಕು

ಬೋನಿನ ಬಾಗಿಲು ತೆರೆದದ್ದೇ ತಡ, ಬೆಕ್ಕು ಟೈಲರಕ್ಕನ ಕೈಗವಸಿಗೆ ಉಗುರು ಹಾಕಿ, ಹೊಲಿಗೆ ಯಂತ್ರದ ಕೆಳಗೆ ನುಸುಳಿ, ರಸ್ತೆ ದಾಟಿ ಎದುರಿನ ವಾಚ್ ರಿಪೇರಿ ಅಂಗಡಿಗೆ ಹಾರಿತು. ಹಾರಿದ್ದಲ್ಲದೆ ವಾಚಿನಣ್ಣನ ತೊಡೆಯೇರಿ ಮುದುಡಿ ಕೂತು ಕಣ್ಣು ಮುಚ್ಚಿತು. ಟೈಲರಕ್ಕ ಅಂದಿನ ಮಾತ್ರೆಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಬೀದಿಯಲ್ಲಿ ಅಷ್ಟೊಂದು ತೊಡೆಗಳಿರುವಾಗ ಈ ದರಿದ್ರದ್ದಕ್ಕೆ ಆ ತೊಡೆಯೇ ಬೇಕಿತ್ತೆ?

ಗುಂಡುಗುಂಡಗೆ ಇದ್ದಾಗ ಅದು ಎಲ್ಲರ ಬೆಕ್ಕು. ಜೆರಾಕ್ಸ್ ಅಂಗಡಿಯವಳಿಗೆ ಪುಟ್ಟ, ವಾಚಿನಣ್ಣನಿಗೆ ಮಹಾರಾಜ, ಟೈಲರಕ್ಕನಿಗೆ ಬಾಬಿನ್. ಒಬ್ಬರು ಹಾಲಿಟ್ಟರೆ ಇನ್ನೊಬ್ಬರು ಮೀನಿನ ತಲೆ ಇಡುತ್ತಿದ್ದರು. ಮೂಗಿನ ಮೇಲೆ ಗಂಟು ಎದ್ದು, ಒಡೆದು, ರಸಿ ಸೋರತೊಡಗಿತು ನೋಡಿ, ಮೂರು ಹೆಸರೂ ಮಾಯವಾಗಿ ಬೀದಿಯ ಬಾಯಲ್ಲೆಲ್ಲ ಒಂದೇ ಉಳಿಯಿತು: ನಿಮ್ಮ ಬೆಕ್ಕು. ಟೈಲರಕ್ಕ, ನಿಮ್ಮ ಬೆಕ್ಕು ನಮ್ಮ ಮೆಟ್ಟಿಲ ಮೇಲೆ ಮಲಗಿದೆ. ಟೈಲರಕ್ಕ, ನಿಮ್ಮ ಬೆಕ್ಕು ಗಬ್ಬು ನಾರುತ್ತೆ. ವಾಚಿನಣ್ಣನಂತೂ ಗೋಣಿಚೀಲ ಹಿಡಿದುಕೊಂಡೇ ಬಂದಿದ್ದ. "ಇದರೊಳಗೆ ಹಾಕ್ಕೊಡಿ, ಎಲ್ಲಾದ್ರೂ ದೂರ ಬಿಟ್ಟು ಬರ್ತೀನಿ. ಸುಮ್ನೆ ಯಾಕೆ ತಲೆನೋವು?" ಎಂದಿದ್ದ. ಅವಳು ಆ ಚೀಲವನ್ನೇ ಕಿತ್ತುಕೊಂಡು ಬೆಕ್ಕಿನ ಬೋನಿಗೆ ಹಾಸಿದ್ದಳು.

ಇದು ಬೂಷ್ಟಿನ ರೋಗ ಎಂದು ಪಶುವೈದ್ಯೆ ಹೇಳಿದ್ದಳು. ಮುಳ್ಳೋ ಇನ್ನೊಂದು ಬೆಕ್ಕಿನ ಉಗುರೋ ಚುಚ್ಚಿದ ಕಡೆಯಿಂದ ಒಳಹೊಕ್ಕು ಚರ್ಮದ ಅಡಿಯಲ್ಲಿ ಬೆಳೆಯುತ್ತದೆ, ಅಂಥ ಬೆಕ್ಕು ಕಚ್ಚಿದರೆ ಪರಚಿದರೆ ಮನುಷ್ಯರಿಗೂ ಹತ್ತುತ್ತದೆ, ಆದರೆ ಹಠ ಹಿಡಿದು ಮಾತ್ರೆ ಕೊಟ್ಟರೆ ವಾಸಿಯಾಗುತ್ತದೆ. ಟೈಲರಕ್ಕನಲ್ಲಿ ಹಠಕ್ಕೇನೂ ಬರವಿರಲಿಲ್ಲ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ದಪ್ಪ ಕೈಗವಸು ತೊಟ್ಟು, ಬೆಕ್ಕನ್ನು ಹಳೆ ಟವೆಲಿನಲ್ಲಿ ಸುತ್ತಿ, ದವಡೆ ಬಿಡಿಸಿ, ಮಾತ್ರೆಯನ್ನು ಗಂಟಲಿಗೆ ತಳ್ಳಿ, ನುಂಗುವವರೆಗೂ ಬಾಯಿ ಒತ್ತಿ ಹಿಡಿದಳು. ಬೆಕ್ಕೂ ಕಲಿಯಿತು. ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬೋನಿನ ಮೂಲೆಗೆ ಸರಿದು ಗುರ್ರೆನ್ನುತ್ತಿತ್ತು. ಈ ಲೋಕದಲ್ಲಿ ತನಗಿರುವ ವೈರಿ ಇವಳೊಬ್ಬಳೇ ಎಂದು ಅದು ತೀರ್ಮಾನ ಮಾಡಿಬಿಟ್ಟಿತ್ತು.

ನಿನ್ನೆ ವೈದ್ಯೆ ಮೂಗನ್ನು ಒತ್ತಿ ನೋಡಿ ನಕ್ಕಿದ್ದಳು. "ಗಾಯ ಪೂರ್ತಿ ಮುಚ್ಚಿದೆ. ಇನ್ನು ಮುಟ್ಟಿದ್ರೆ ಯಾರಿಗೂ ಏನೂ ಆಗಲ್ಲ, ಬೋನಿಂದ ಬಿಡಿ. ಆದ್ರೆ ಮೇಲೆ ವಾಸಿಯಾಯ್ತು ಅಂತ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಅಡೀಲಿ ಬೂಷ್ಟು ಇನ್ನೂ ಉಳಿದಿರುತ್ತೆ, ಇನ್ನೊಂದು ತಿಂಗಳು ಕೊಡ್ಲೇಬೇಕು. ಮಧ್ಯೆ ಬಿಟ್ಟು ಮತ್ತೆ ಶುರುವಾದ್ರೆ ಬೆಕ್ಕು ಉಳಿಯೋದು ಕಷ್ಟ." ಈಗ ತಪ್ಪಿಸಿಕೊಂಡರೆ ಇದು ಇನ್ನು ಕೈಗೆ ಸಿಗುವುದಿಲ್ಲ. ಟೈಲರಕ್ಕ ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿದ್ದಂತೆಯೇ ರಸ್ತೆ ದಾಟಿದಳು.

"ನೋಡಿ ಟೈಲರಕ್ಕ, ನಮ್ಮ ಮಹಾರಾಜ ವಾಪಸ್ ಬಂದ," ಎಂದ ವಾಚಿನಣ್ಣ, ಬೆಕ್ಕಿನ ಬೆನ್ನು ಸವರುತ್ತ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆದಿರಲಿಲ್ಲ. "ಎಷ್ಟು ದಿನ ಕೂಡಿ ಹಾಕಿದ್ರಿ, ಪಾಪ. ಮೈ ಹೇಗೆ ಇಳಿದುಹೋಗಿದೆ."

"ಕೊಡಿ ಅಣ್ಣ, ಮಾತ್ರೆ ಹಾಕ್ಬೇಕು."

ಅವಳು ಕೈ ಚಾಚಿದ ಕೂಡಲೇ ಬೆಕ್ಕು ಕಿವಿ ಮಡಚಿ, ಹಲ್ಲು ತೋರಿಸಿ, ವಾಚಿನಣ್ಣನ ಕಂಕುಳಿಗೆ ತಲೆ ತೂರಿಸಿತು. ಪಕ್ಕದ ಬಾಗಿಲಿಂದ ಜೆರಾಕ್ಸ್‌ನವಳು ನಕ್ಕಳು.

"ಮೂಕಪ್ರಾಣಿ ನೋಡಿ," ಎಂದ ಅವನು, ಅವಳಿಗೂ ಕೇಳಲೆಂದು ತುಸು ಗಟ್ಟಿಯಾಗಿ. "ಯಾರ ಪ್ರೀತಿ ನಿಜ ಅಂತ ಅದಕ್ಕೆ ಗೊತ್ತಾಗುತ್ತೆ."

ಟೈಲರಕ್ಕನ ಮೈ ಉರಿದುಹೋಯಿತು. ಗೋಣಿಚೀಲದ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅವನ ಮೇಲಿದ್ದಷ್ಟೇ ಸಿಟ್ಟು ಆ ಬೆಕ್ಕಿನ ಮೇಲೂ ಇತ್ತು.

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು. "ನಿಮ್ಮ ತೊಡೆ ಮೇಲೇ ಹಾಕ್ತೀನಿ. ಚರ್ಮದ ಅಡೀಲಿ ಬೂಷ್ಟು ಇನ್ನೂ ಇದೆಯಂತೆ."

ಸವರುತ್ತಿದ್ದ ಕೈ ನಿಂತಿತು. "ಇನ್ನೂ ಇದೆಯಾ?"

"ಇದೆ."

ತೊಡೆಯ ಮೇಲೆ ಕೆಂಡ ಬಿದ್ದವನಂತೆ ವಾಚಿನಣ್ಣ ಎದ್ದ. ಭೂತಗನ್ನಡಿ ಒಂದು ಕಡೆ, ಬೆಕ್ಕು ಒಂದು ಕಡೆ ಬಿದ್ದವು. ಏನಾಯಿತೆಂದು ತಿಳಿಯದೆ ಬೆಕ್ಕು ತಲೆಯೆತ್ತಿ ಅವನನ್ನೇ ನೋಡಿತು. ಅಷ್ಟು ಸಾಕಿತ್ತು. ಟೈಲರಕ್ಕ ಕುತ್ತಿಗೆಯ ಹಿಂಭಾಗಕ್ಕೆ ಕೈ ಹಾಕಿ ಎತ್ತಿ, ಮೊಣಕಾಲುಗಳ ನಡುವೆ ಅವುಚಿ, ದವಡೆ ಬಿಡಿಸಿ ಮಾತ್ರೆ ತಳ್ಳಿದಳು. ಗಂಟಲು ಒಮ್ಮೆ ಕೆಳಗಿಳಿದು ಮೇಲೆ ಬಂದದ್ದನ್ನು ನೋಡಿದ ಮೇಲೆಯೇ ಕೈ ಸಡಿಲಿಸಿದಳು.

"ನಿಮ್ಮ ಬೆಕ್ಕನ್ನ ಮೊದಲು ಆಚೆ ತಗೊಂಡ್ಹೋಗಿ," ಎನ್ನುತ್ತ ವಾಚಿನಣ್ಣ ಅಂಗಡಿಯ ಬದಿಯ ನಲ್ಲಿಗೆ ಓಡಿದ. ಜೆರಾಕ್ಸ್‌ನವಳ ಬಾಗಿಲು ಆಗಲೇ ಅರ್ಧ ಮುಚ್ಚಿತ್ತು. ಅವನು ಸಾಬೂನು ಹಚ್ಚಿ ಅಂಗೈ ಉಜ್ಜಿದ, ಮುಂಗೈ ಉಜ್ಜಿದ, ತೋಳು ಮಡಚಿ ಮೊಣಕೈವರೆಗೂ ಉಜ್ಜಿದ.

"ಎಷ್ಟೊತ್ತು ತೊಳೀಬೇಕು ಟೈಲರಕ್ಕ? ಡಾಕ್ಟ್ರು ಏನಾದ್ರೂ ಹೇಳಿದ್ರಾ?"

ಡಾಕ್ಟರು ಹೇಳಿದ್ದು ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. ಗುರ್ರೆನ್ನುತ್ತ ಹೆಗಲಿಗೆ ಉಗುರು ಊರಿದ ಬೆಕ್ಕನ್ನು ಇನ್ನಷ್ಟು ಅವುಚಿಕೊಂಡು ರಸ್ತೆಗಿಳಿದಳು.

"ತೊಳೀತಾ ಇರಿ, ಅಣ್ಣ."