ಹೂಂ ಅನ್ನುವವರು ಇಲ್ಲದಾಗ

“ಬೀಳೂದು ನಿಂತೈತಿ, ಖರೆ. ಆದ್ರ ಈಗ ಸುಳ್ಳು ಹೇಳಾಕತ್ತೈತಲ್ಲ, ತಬಸುಮ್,” ಎಂದಳು ಅವಳ ಕೆಲಸ ನೋಡಿ ಪಾಸ್ ಮಾಡುವ ನಂದಾ, ಅಣ್ಣಿಗೇರಿಯ ತನ್ನ ಮನೆಯಿಂದ ಕರೆ ಮಾಡಿ. ತಿರ್ಲಾಪುರದ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಎದುರು ಕೂತಿದ್ದ ತಬಸುಮ್‌ಳ ಮುಖ ಸಣ್ಣದಾಯಿತು.

ಪ್ರೋಗ್ರಾಂ ಬರೆಯುವವರು ತಿದ್ದಿದಾಗಲೆಲ್ಲ ಹಳೆಯ ಪ್ರತಿಯನ್ನೂ ಹೊಸದನ್ನೂ ಕಾದಿಡುವ ಸಾಫ್ಟ್‌ವೇರ್ ಅವರ ಕಂಪನಿಯದು. ಆದರೆ ಈಗಷ್ಟೇ ಶುರುವಾದ ಕೆಲಸಕ್ಕೆ ಹಳೆಯ ಪ್ರತಿ ಎಲ್ಲಿಂದ ಬರಬೇಕು? ಇಲ್ಲದ್ದನ್ನು ಹಿಡಿಯಲು ಹೋಗಿ ಸಾಫ್ಟ್‌ವೇರ್ ದೊಪ್ಪನೆ ಬಿದ್ದು ನಿಂತುಹೋಗುತ್ತಿತ್ತು. ಬರೆದದ್ದೆಲ್ಲ ಅದರೊಟ್ಟಿಗೇ ಹೋಗುತ್ತಿತ್ತು. ಹಳೆಯದು ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗು ಎಂದು ತಬಸುಮ್ ತಿದ್ದಿದ್ದಳು. ಈಗ ಅದು ಏನನ್ನೂ ಉಳಿಸದೆ ‘ಉಳಿಸಲಾಗಿದೆ’ ಎನ್ನುತ್ತಿತ್ತು.

“ಸಂಜಿ ತನಕಾ ಕಾಯ್ತೀನವಾ. ಆಗಲಿಲ್ಲಂದ್ರ ಸಾಹೇಬ್ರು ಬ್ಯಾರೇದವ್ರಿಗೆ ಕೊಡ್ತಾರ. ನೀ ಖಾಯಂ ಆಗೂದೂ ಇದರ ಮ್ಯಾಲ ಐತಿ,” ಎಂದು ನಂದಾ ಕರೆ ಮುಗಿಸಿದಳು.

ಪಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಅಜ್ಜಿ ಶಮೀಮಾಬಿ ಮೊಮ್ಮಗಳನ್ನು ನೋಡಿ ಕಥೆ ಎತ್ತಿದಳು. ಬಾಡಿದ ಮುಖಕ್ಕೆ ಅವಳ ಬಳಿ ಇದ್ದ ಮದ್ದು ಅದೊಂದೇ. ಏಳು ಬಾವಿಯ ನೀರು ತರಲು ಹೊರಟ ರಾಜನ ಮಗಳ ಕಥೆ. ಸಣ್ಣವಳಿದ್ದಾಗಿನಿಂದಲೂ ಒಂದೇ ಕರಾರು: ಮಾತಿಗೊಮ್ಮೆ ‘ಹೂಂ’ ಅನ್ನಬೇಕು. ತಬಸುಮ್ ಒಂದೆರಡು ಸಲ ಅಂದಳು. ಆಮೇಲೆ ಅವಳ ಮನಸ್ಸು ಆ ಬಾವಿಯ ನೀರಿನಲ್ಲೇ ಎಲ್ಲೋ ತೇಲಿಹೋಯಿತು. ಕಥೆ ನಿಂತಿತು.

“ಯಾಕ ನಿಲ್ಲಿಸಿದಿ, ದಾದಿಮಾ?”

“ಹೂಂ ಅನ್ನವ್ರ ಇಲ್ಲಂದ್ಮ್ಯಾಲ ಗ್ವಾಡಿಗೆ ಹೇಳ್ಲೇನ? ರಾಜನ ಮಗಳು ಬಾವಿ ಕಟ್ಟಿ ಮ್ಯಾಲ ಕುಂತಾಳ. ತುಂಬಿದ ಕೊಡ ತೊಡಿ ಮ್ಯಾಲ ಐತಿ. ನೀ ಹೂಂ ಅಂದ್ರ ಏಳ್ತಾಳ.”

ತಬಸುಮ್ ಕಣ್ಣರಳಿಸಿದಳು. ರಾಜನ ಮಗಳು ಬಿದ್ದಿರಲಿಲ್ಲ. ಬರಿಗೈಲಿ ಮನೆಗೆ ಹೋಗಿ ನೀರು ತಂದೆನೆಂದು ಸುಳ್ಳೂ ಹೇಳಿರಲಿಲ್ಲ. ಕೊಡ ಹಿಡಿದು, ಒಂದು ಮಾತಿಗಾಗಿ ಕಾಯುತ್ತ ಕೂತಿದ್ದಳು. ತಬಸುಮ್‌ಳ ಬೆರಳುಗಳು ಕೀಲಿಮಣೆಯ ಮೇಲೆ ಓಡತೊಡಗಿದವು.

ಬಿಸಿಲು ಇಳಿಯುವಾಗ ನಂದಾ ಮತ್ತೆ ಕರೆ ಮಾಡಿದಳು. ಬೇಕೆಂದೇ ಹೊಸ ಕೆಲಸವೊಂದನ್ನು ತೆರೆದು, ಏನೋ ಗೀಚಿ, ಉಳಿಸಲು ಒತ್ತಿದಳು. ಪರದೆಯ ಮೇಲೆ ಮೂಡಿತು: ‘ಹಳೆಯ ಪ್ರತಿ ಇಲ್ಲ. ನೀವು ಬರೆದದ್ದು ಇಲ್ಲೇ ಇದೆ. ಇದನ್ನೇ ಮೊದಲ ಪ್ರತಿ ಮಾಡಲೇ?’

ತಬಸುಮ್ ತಿದ್ದಿದ್ದನ್ನು ನಂದಾ ಸಾಲು ಸಾಲಾಗಿ ಓದತೊಡಗಿದಳು. ಮೌಸಿನ ಸಪ್ಪಳವಷ್ಟೇ ಕೇಳುತ್ತಿತ್ತು. ಶಮೀಮಾಬಿಯ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ನಿಂತಿತು.

“ಹೂಂ,” ಎಂದಳು ನಂದಾ ಕೊನೆಗೆ. “ಅಗದಿ ಛಲೋ ಆಗೈತಿ. ಪಾಸ್ ಮಾಡೀನಿ. ಇನ್ನರ ಚಹಾ ಕುಡಿ ಹೋಗವಾ, ದನಿ ಒಣಗೇತಿ ನಿಂದು.”

ತಬಸುಮ್ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಗು ತಾನಾಗಿಯೇ ಬಂತು.

ಪಕ್ಕದಲ್ಲಿ ತೊಟ್ಟು ಟಕ್ಕೆಂದು ಮುರಿಯಿತು. “ಅಂತೂ ಯಾರರ ಒಬ್ರು ಹೂಂ ಅಂದ್ರಲ್ಲ,” ಎಂದಳು ಶಮೀಮಾಬಿ. “ಎಬ್ಬಸೂಣೇನು ಆಕೀನ್ನ? ಪಾಪ, ಕೊಡ ಹೊತ್ತು ಹೊತ್ತು ತೊಡಿ ಜೋಮು ಹಿಡದಿರಬೇಕು.”