ಸುಮಾರಿನ ಲೆಕ್ಕ

“ನಾಲ್ಕು ದಶಾಂಶ ಆರು. ಅಂದಾಜು ಎಷ್ಟು?”

“ಐದೂ!” ಮಕ್ಕಳೆಲ್ಲ ಒಂದೇ ಉಸಿರಿಗೆ ಕಿರುಚಿದರು.

“ಕೇಳಸಲಿಲ್ಲ.”

“ಐದೂ!”

ನಿಜಲಿಂಗಪ್ಪ ಮಾಸ್ತರ ಮೂರನೆಯ ಸಲವೂ ಕೂಗಿಸಿದ. ಹಿಂದಿನ ಬೆಂಚಿನಲ್ಲಿ ಕೂತ ಕಾಂತಪ್ಪ ಮುಖ ಕಿವುಚಿದ.

ಪುಣೆಯ ನಾರಾಯಣ ಪೇಟೆಯ ಆ ಪುಟ್ಟ ಕನ್ನಡ ಶಾಲೆಗೆ ಕಾಂತಪ್ಪ ಬರತೊಡಗಿ ವಾರವಾಗಿತ್ತು. ಪಾಠ ನೋಡಲು ಶಾಲೆಯ ಕಮಿಟಿ ಕಳಿಸಿದೆ ಎಂದು ಹೇಳಿಕೊಂಡಿದ್ದ. ನಿಜಕ್ಕೂ ಕಳಿಸಿದವನು ಫೌಜದಾರ ಅಪ್ಪಾಸಾಹೇಬ. ಅದು ನಲವತ್ತೆರಡನೆಯ ಇಸವಿಯ ಸೆಪ್ಟೆಂಬರ್. ಚಳವಳಿಯಲ್ಲಿ ಸರಕಾರದ ಟೆಲಿಗ್ರಾಫ್ ತಂತಿ ಕತ್ತರಿಸಿ ತಲೆಮರೆಸಿಕೊಂಡಿದ್ದ ಶ್ಯಾಮ ಈ ಮಾಸ್ತರನ ಹಳೆಯ ಶಿಷ್ಯ. ಪುಣೆ ಬಿಟ್ಟು ಹೋಗಲು ದಾರಿ ಕಾಯುತ್ತಿದ್ದಾನೆ. ಮಾಸ್ತರ ಅವನಿಗೆ ಸುದ್ದಿ ಮುಟ್ಟಿಸದೆ ಇರುವುದಿಲ್ಲ. ಹೇಗೆ ಮುಟ್ಟಿಸುತ್ತಾನೆ ನೋಡು ಎಂದು ಫೌಜದಾರ ಹೇಳಿದ್ದ.

ಮುಟ್ಟಿಸುವ ಲಕ್ಷಣವೇ ಇರಲಿಲ್ಲ. ಮಾಸ್ತರನ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಮನೆ, ಶಾಲೆ, ಮತ್ತೆ ಮನೆ. ಉಳಿದದ್ದು ಈ ದರಿದ್ರ ದಶಾಂಶ. ಬಿಂದುವಿನ ಮುಂದೆ ಐದೋ ಅದಕ್ಕಿಂತ ಹೆಚ್ಚೋ ಇದ್ದರೆ ಹಿಂದಿನ ಅಂಕಿಗೆ ಒಂದು ಕೂಡಿಸು, ಕಡಿಮೆಯಿದ್ದರೆ ಕೈಬಿಡು. ಒಂದು ಅಂಗಿಗೆ ಎರಡು ದಶಾಂಶ ಎಂಟು ಗಜ ಅರಿವೆ ಬೇಕು, ನಾಲ್ಕು ಅಂಗಿಗೆ ಎಷ್ಟು? ಮೂರು ನಾಲ್ಕಲೆ ಹನ್ನೆರಡು, ಸುಮಾರು ಹನ್ನೆರಡು ಗಜ. ಅದು ಹನ್ನೊಂದು ದಶಾಂಶ ಎರಡು ಎಂದು ಕಾಂತಪ್ಪನ ನಾಲಿಗೆ ತುರಿಸುತ್ತಿತ್ತು. ಅರಿವೆಯ ಲೆಕ್ಕವನ್ನೇ ಸರಿಯಾಗಿ ಹೇಳಲಾರದ ಈ ಜನಕ್ಕೆ ಸ್ವರಾಜ್ಯ ಬೇಕಂತೆ!

ಗಂಟೆ ಬಾರಿಸಿ ಮಕ್ಕಳು ಹೊರಗೋಡಿದ ಮೇಲೆ ಅವನು ಸುಮ್ಮನಿರಲಾರದೆ ಎದ್ದ.

“ಮಾಸ್ತರ, ನಾಲ್ಕು ದಶಾಂಶ ಆರು ಅಂದ್ರ ಅಷ್ಟೇ. ಐದು ಹ್ಯಾಂಗಾದೀತು?”

“ಐದು ಆಗೂದಿಲ್ರಿ. ಐದರ ಹತ್ತಿರ ಆಗ್ತದ.” ಮಾಸ್ತರ ಹಲಗೆಗೆ ಬರೆದು ಕೈಗಂಟಿದ ಖಡುವಿನ ಬಿಳಿ ಪುಡಿಯನ್ನು ಧೋತರಕ್ಕೇ ಒರೆಸಿಕೊಂಡ. “ನಿಮ್ಮ ಅಡಿಗಿಮನಿಯೊಳಗ ನೋಡ್ರಿ. ಎಲ್ಲಾ ಸುಮಾರಿನ ಮ್ಯಾಲೇ ನಡದಿರ್ತದ.”

“ಅದಕ್ಕ ಇಷ್ಟು ಒದರಸಬೇಕೇನು? ಈ ಗ್ವಾಡಿ ಆಚೆ ನಮ್ಮ ಮನಿ ಅದ. ಕಿವಿ ಕಿತ್ತು ಹೋಗ್ತಾವ.”

“ಭಾಳ ಹಿಂದ ಕೂತವರಿಗೂ ಮುಟ್ಟಬೇಕಲ್ರಿ,” ಎಂದು ಮಾಸ್ತರ ಕೈಮುಗಿದ.

ಅಡಿಗೆಮನೆಯಂತೆ! ಕಾಂತಪ್ಪನಿಗೆ ತನ್ನ ಹೆಂಡತಿ ಶಿವಬಸವ್ವನ ನೆನಪಾಗಿ ಇನ್ನಷ್ಟು ರೇಗಿತು. ಉಪ್ಪು ಹಿಡಿ, ಎಣ್ಣೆ ಧಾರೆ, ಎಲ್ಲ ಅವಳ ಕೈಯಳತೆ. ಹಿಂದಿನ ಸಂಜೆ ರೊಟ್ಟಿ ಬಡಿಯುತ್ತ ಅವಳು ತಾನಾಗಿಯೇ ಹೇಳಿದ್ದಳು, “ಆ ಹುಡುಗರ ದನಿ ಕೇಳಿ ಕೇಳಿ ನನಗೂ ದಶಾಂಶ ಬಂದಾವ್ರಿ.”

“ಏಳು ದಶಾಂಶ ಎರಡು?”

“ಏಳು.”

“ನಿನಗೂ ಆ ಮಾಸ್ತರಗೂ ಒಂದೇ ತಲಿ. ಒಳಗ ಬರೇ ಹೊಟ್ಟು.”

ಅವಳು ಒಲೆಯ ಕಡೆ ತಿರುಗಿ ರೊಟ್ಟಿ ತಿರುವಿ ಹಾಕಿದ್ದಳು. ಅವಳ ಸ್ವಭಾವವೇ ಹಾಗೆ. ಆಗಸ್ಟಿನಲ್ಲಿ ಮೆರವಣಿಗೆಯ ಮೇಲೆ ಲಾಠಿ ಬಿದ್ದಾಗಲೂ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದಳು. ಅವನು “ಒಳಗ ನಡಿ” ಎಂದು ಗದರಿದಾಗ ಹೋಗಿದ್ದಳು, ಅಷ್ಟೇ.

ಅವನು ನೇರ ಕಚೇರಿಗೆ ಹೋದ. ಫೌಜದಾರ ಬರುವತನಕ ಬೆಂಚಿನ ಮೇಲೆ ಕಾದ. ಬಂದ ಕೂಡಲೇ ಎದ್ದು ನಿಂತು ವರದಿ ಒಪ್ಪಿಸಿದ.

“ಅವ ಪೂರಾ ಪೆದ್ದ ಇದ್ದಾನ್ರಿ ಸಾಹೇಬ್ರ. ದ್ರೋಹ ಮಾಡ್ಲಿಕ್ಕೂ ಕರಾರುವಾಕ್ಕು ಬುದ್ಧಿ ಬೇಕು. ಇವಗ ಅದೂ ಇಲ್ಲ. ನಾಳಿಂದ ನಾ ಹೋಗೂದಿಲ್ಲ.”

“ಯಾರ ಹತ್ತರಾನೂ ಮಾತಾಡಲಿಲ್ಲ?”

“ಹುಡುಗರನ್ನ ಬಿಟ್ಟು ಯಾರ ಹತ್ತರಾನೂ ಇಲ್ರಿ. ನನ್ನ ಕಿವಿ ಮ್ಯಾಲೆ ಆಣಿ.”

ಅಪ್ಪಾಸಾಹೇಬ ಗೋಣು ಹಾಕಿದ. ಕಾಂತಪ್ಪ ಎದೆಯುಬ್ಬಿಸಿ ಹೊರಬಿದ್ದ. ಅಪ್ಪಾ ಬಳವಂತ ಚೌಕದಲ್ಲಿ ಚಹಾ ಕುಡಿದ, ಎಲೆಯಡಿಕೆ ಹಾಕಿಕೊಂಡ. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಾಗಿಲಿಗೆ ಚಿಲಕವಷ್ಟೇ ಹಾಕಿತ್ತು. ಒಲೆ ತಣ್ಣಗಿತ್ತು. ಹೆಂಡತಿ ನೆರೆಯ ರುದ್ರವ್ವನ ಮನೆಯಲ್ಲಿ ಹರಟುತ್ತ ಕೂತಿರಬೇಕು. ಹೊತ್ತಿನ ಖಬರಾದರೂ ಎಲ್ಲಿದೆ ಅವಳಿಗೆ ಎಂದು ಹಲ್ಲು ಕಡಿದ.

ಬಾಗಿಲು ಧಡಕ್ಕನೆ ತೆರೆಯಿತು. ಅಪ್ಪಾಸಾಹೇಬ ನಿಂತಿದ್ದ, ಹಿಂದೆ ಇಬ್ಬರು ಸಿಪಾಯಿಗಳು.

“ಶ್ಯಾಮ ಪಾರಾದ,” ಎಂದ ಫೌಜದಾರ. “ಐದು ಗಂಟೆಕ್ಕ ಟಾಂಗಾ ಹತ್ತಿ, ಲಕಡಿ ಪೂಲಿನ ಮ್ಯಾಲಿಂದ ಹೊಳಿ ದಾಟಿ. ನಮ್ಮ ಪಹರೆಯವರ ಕಣ್ಣ ಮುಂದ.”

“ಪೂಲಿನ ಮ್ಯಾಲೆ? ಅಂಥಾ ಪಹರೆಯೊಳಗ?”

“ಟಾಂಗಾದವ ಸಿಕ್ಕಾನ, ಬಾಯಿ ಬಿಟ್ಟಾನ. ಜಾಗಾ ಮೊದಲೇ ಠರಾವಾಗಿತ್ತಂತ. ವ್ಯಾಳ್ಯಾ ಒಂದು ತಿಳೀಬೇಕಿತ್ತು. ಅದನ್ನ ಮಾಸ್ತರ ಇವತ್ತು ಹುಡುಗರ ಬಾಯಿಲೆ ಕೂಗಿಸಿದನಂತ. ಸಾಲಿಯೊಳಗ. ನೀ ಅಲ್ಲೇ ಕೂತಿದ್ದಿ.”

ಐದು. ಮೂರು ಸಲ. ಕಾಂತಪ್ಪನೂ ಕೇಳಿದ್ದ. ಆದರೂ ಸೋಲಲು ಮನಸ್ಸು ಒಪ್ಪಲಿಲ್ಲ.

“ಕೂಗಿದ್ರ ಕೇಳವರು ಯಾರ್ರಿ ಸಾಹೇಬ್ರ? ಆ ಗ್ವಾಡಿಗೆ ಹತ್ತಿ ನಮ್ಮ ಮನಿ ಒಂದೇ ಅದ. ಮತ್ತ ನಿಮ್ಮ ಪಹರೆಯವರು ಅವನ್ನ ಯಾಕ ತಡೀಲಿಲ್ಲ? ಕಣ್ಣಿರಲಿಲ್ಲೇನು ಅವರಿಗೆ?”

ಫೌಜದಾರ ತಣ್ಣಗಿನ ಒಲೆಯನ್ನು ನೋಡಿದ, ಆಮೇಲೆ ಅವನನ್ನು.

“ತಡಿಯೂದು ಒತ್ತಟ್ಟಿಗಿರಲಿ, ಸಲಾಮು ಹೊಡದು ಬಿಟ್ಟಾರ. ನಿನ್ನ ಕೋಟು ರುಮಾಲಿನ್ಯಾಗ ಅವ ಸುಮಾರು ನಿನ್ನಂಗ ಕಂಡನಂತ. ಬಾಜೂಕ ಕೂತಾಕಿ ಮಾತ್ರ ಬರೋಬ್ಬರಿ ನಿನ್ನ ಹೆಂಡತೀನ.”